ಮೊಮ್ಮಗಳು ‘ಒಗೆ’ ಎಂದು ಬರೆದದ್ದು ತಪ್ಪಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ 40 ವರ್ಷದಿಂದ ಅರಿವೆ ಒಗೆದು, ಇಸ್ತ್ರಿ ಮಾಡಿ ಬದುಕಿದವನು ನಾನು. ಐದನೇ ತರಗತಿಯ ಮೊಮ್ಮಗಳು ಹೋದ ವಾರ ಇಂಗ್ಲಿಷ್ ಕಿರುಪರೀಕ್ಷೆಯ ಹಾಳೆ ತಂದು ತೋರಿಸಿದಳು. ‘ಮೈ ಗ್ರ್ಯಾಂಡ್‌ಫಾದರ್ ವಾಷಸ್ ಕ್ಲೋತ್ಸ್’ ಎಂಬುದನ್ನು ಕನ್ನಡಕ್ಕೆ ತರಬೇಕಿತ್ತು. ‘ನನ್ನ ಅಜ್ಜ ಬಟ್ಟೆ ಒಗೆಯುತ್ತಾರೆ’ ಎಂದು ಬರೆದಿದ್ದಾಳೆ. ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ‘ತೊಳೆಯುತ್ತಾರೆ’. ವಾಷ್ ಅಂದರೆ ತೊಳೆ ಎಂದೇ ಬರೆಸಿದ್ದಾರಂತೆ, ಬೇರೆ ಪದಕ್ಕೆ ಅಂಕವಿಲ್ಲವಂತೆ.

ನಮ್ಮಪ್ಪ ಹರಿಹರದ ಹೊಳೆಯಲ್ಲಿ ಒಗೆಯುತ್ತಿದ್ದುದನ್ನು ನಾನು ಪಕ್ಕದಲ್ಲಿ ನಿಂತು ಕಲಿತೆ. ಉಬ್ಬೆ ಹಾಕಿ, ಅಂದರೆ ಹಬೆಯಲ್ಲಿ ಬೇಯಿಸಿ, ತೆಗೆದ ದುಪ್ಪಟಿಯನ್ನು ಹುರಿ ಮಾಡಿ, ಹೆಗಲ ಮೇಲಿಂದ ಬೀಸಿ ಕಲ್ಲಿಗೆ ಹೊಡೆಯಬೇಕು. ನಮ್ಮ ಕಡೆ ‘ಕಲ್ಲು ಒಗಿ’ ಅಂದರೆ ಕಲ್ಲು ಎಸಿ ಎಂದರ್ಥ. ಆ ತೋಳಿನ ಬೀಸು ಪದದೊಳಗೇ ಕೂತಿದೆ. ತೊಳೆದರೆ ಮೇಲಿನ ಮಣ್ಣು ಹೋದೀತು, ಎಳೆಯೊಳಗಿನ ಬೆವರು ಹೋಗಬೇಕಾದರೆ ಒಗೆಯಲೇಬೇಕು. ಆಮೇಲೆ ಜಾಲಿಸುವುದು, ಹಿಂಡುವುದು. ಇಂಗ್ಲಿಷಿನವರು ಮುಖ, ಪಾತ್ರೆ, ತಲೆಗೂದಲು ಎಲ್ಲಕ್ಕೂ ವಾಷ್ ಅಂದುಕೊಳ್ಳಲಿ. ನಾವು ಮುಖ ತೊಳೆಯುತ್ತೇವೆ, ಪಾತ್ರೆ ತಿಕ್ಕುತ್ತೇವೆ, ತಲೆ ಎರೆದುಕೊಳ್ಳುತ್ತೇವೆ. ‘ತಲೆ ತೊಳೆದುಕೋ’ ಎಂದು ಯಾವ ತಾಯಿಯೂ ನಮ್ಮಲ್ಲಿ ಹೇಳಿದ್ದು ನಾನು ಕೇಳಿಲ್ಲ.

ಮನಸ್ಸು ತಡೆಯದೆ ಗ್ರಂಥಾಲಯಕ್ಕೆ ಹೋಗಿ ದೊಡ್ಡ ಇಂಗ್ಲಿಷ್ ನಿಘಂಟು ತೆಗೆಸಿ ನೋಡಿದೆ. ನಾನೂ ಬಿ.ಎ. ಓದಿ ಈ ಕಸುಬಿಗೆ ಬಂದವನು. ಹಳೆಯ ಇಂಗ್ಲಿಷಿನಲ್ಲಿ ‘ವಾಸ್ಕನ್’ ಎಂಬುದು ಹೆಚ್ಚಾಗಿ ಬಟ್ಟೆಗೇ ಮೀಸಲಾಗಿತ್ತು. ಮೈಗೆ, ಪಾತ್ರೆಗೆ ‘ಥ್ವೇಆನ್’ ಎಂಬ ಬೇರೆ ಪದವೇ ಇತ್ತು. ಅಂದರೆ ಒಗೆಯುವುದು ಬೇರೆ, ತೊಳೆಯುವುದು ಬೇರೆ ಎಂದು ಅವರಿಗೂ ಒಂದು ಕಾಲಕ್ಕೆ ಗೊತ್ತಿತ್ತು! ಆ ಎರಡನೆಯ ಪದ ಬಳಕೆ ತಪ್ಪಿ ಹೋಯಿತು. ಅದರ ಬೇರಿನಿಂದಲೇ ಬಂದದ್ದು ನಾವು ದಿನಾ ಹೆಗಲ ಮೇಲೆ ಹಾಕಿಕೊಳ್ಳುವ ಟವೆಲ್. ಇಂಥದ್ದನ್ನು ಮಕ್ಕಳಿಗೆ ಹೇಳಿದರೆ ಎಷ್ಟು ಖುಷಿಯಿಂದ ಕೇಳುತ್ತವೆ.

ಇನ್ನೊಂದು. ಒಪ್ಪಲಾಗದ ನೆಪಕ್ಕೆ ಇಂಗ್ಲಿಷಿನಲ್ಲಿ ‘ದಟ್ ವೋಂಟ್ ವಾಷ್’ ಅನ್ನುತ್ತಾರೆ. ಒಗೆತಕ್ಕೆ ತಡೆಯದೆ ಬಣ್ಣ ಬಿಡುವ ಬಟ್ಟೆಯಿಂದ ಬಂದ ಮಾತು ಅದು. ಹೊಸ ಕೆಂಪು ಸೀರೆಯನ್ನು ಬಿಳಿ ಪಂಚೆಗಳ ಜೊತೆ ನೆನೆಹಾಕಿ ಒಮ್ಮೆ ಕೆಟ್ಟವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇದಕ್ಕೂ ‘ಅದು ತೊಳೆಯುವುದಿಲ್ಲ’ ಎಂದು ಬರೆಸುತ್ತಾರೆಯೇ? ‘ವಾಷ್ ಅಪ್’ ಅಂದರೆ ಬ್ರಿಟನ್ನಿನಲ್ಲಿ ಊಟದ ಪಾತ್ರೆ ತಿಕ್ಕುವುದು, ಅಮೆರಿಕದಲ್ಲಿ ಕೈ ಮುಖ ತೊಳೆಯುವುದು. ಅಲ್ಲಿಯೇ ಊರಿಗೊಂದು ಅರ್ಥವಿರುವಾಗ ನಮ್ಮ ಮಕ್ಕಳಿಗೆ ಒಂದೇ ಉತ್ತರದ ಹಠ ಏಕೆ?

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ, ಮೌಲ್ಯಮಾಪನ ಮಾಡುವ ಶಿಕ್ಷಕರಲ್ಲಿ ಕೈಮುಗಿದು ಕೇಳುತ್ತೇನೆ. ವಾಷ್ ಪದ ಕಲಿಸುವಾಗ ‘ಏನನ್ನು?’ ಎಂದು ಮಕ್ಕಳನ್ನು ಮೊದಲು ಕೇಳಿ. ಮನೆಯಲ್ಲಿ ಆಡುವ ಪದ ಬರೆದರೆ ಪೂರ್ತಿ ಅಂಕ ಕೊಡಿ.

ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ. ‘ಅಜ್ಜಾ, ಈ ಸಲ ಏನು ಬರೀಲಿ?’ ಎಂದು ಕೇಳಿದಳು. ‘ಒಗೆ ಅಂತಲೇ ಬರಿ’ ಎಂದಿದ್ದೇನೆ. ಅಂಕ ಹೋದರೆ ಹೋಗಲಿ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಅದಕ್ಕೇ ಈ ಪತ್ರ.

– ಇಸ್ತ್ರಿ ಅಂಗಡಿಯವ, ನಿಟ್ಟುವಳ್ಳಿ, ದಾವಣಗೆರೆ