ಅಫ್ಗನ್ನರ ಅನುಕೂಲ 35ನೇ ಓವರ್‌ನಿಂದ

ಮಾನ್ಯರೇ,

ಅಫ್ಗಾನಿಸ್ತಾನವನ್ನು ‘ಅಚ್ಚರಿಯ ತಂಡ’ ಎನ್ನುವುದನ್ನು ಇನ್ನಾದರೂ ಬಿಡಬೇಕು. 2023ರ ಏಕದಿನ ವಿಶ್ವಕಪ್‌ನಲ್ಲಿ ಇಂಗ್ಲೆಂಡ್, ಪಾಕಿಸ್ತಾನ, ಶ್ರೀಲಂಕಾಗಳನ್ನು ಮಣಿಸಿದವರು ಅವರು. ಆದರೆ ಅದು ಭಾರತದ ಪಿಚ್‌ಗಳಲ್ಲಿ. 2027ರ ಟೂರ್ನಿ ನಡೆಯುವುದು ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ನಮೀಬಿಯಾದಲ್ಲಿ. ಜೊಹಾನೆಸ್‌ಬರ್ಗ್, ಸೆಂಚುರಿಯನ್‌ಗಳಲ್ಲಿ ಚೆಂಡು ಎದೆಮಟ್ಟಕ್ಕೆ ಪುಟಿಯುತ್ತದೆ. ಬೌನ್ಸ್ ಎದುರು ಇವರ ಪಾಡೇನೆಂದು 2024ರ ಟಿ20 ವಿಶ್ವಕಪ್ ಸೆಮಿಫೈನಲ್ ತೋರಿಸಿತು: ದಕ್ಷಿಣ ಆಫ್ರಿಕಾ ವಿರುದ್ಧ 11.5 ಓವರ್‌ಗಳಲ್ಲಿ 56ಕ್ಕೆ ಆಲೌಟ್. ಆ ಪಿಚ್‌ನ ಪುಟಿತ ಅತಿಯಾಗಿತ್ತು, ನಿಜ. ಆದರೂ ಆರಂಭಿಕರಾದ ಗುರ್ಬಾಜ್, ಇಬ್ರಾಹಿಂ ಬೇಗ ಔಟಾದ ಮೇಲೆ ನಿಂತು ಆಡುವವರೇ ಇರಲಿಲ್ಲ.

ಒಂದು ಅನುಕೂಲವಿದೆ. 2025ರ ಜುಲೈನಿಂದ ಏಕದಿನ ಪಂದ್ಯಗಳಲ್ಲಿ ತುದಿಗೊಂದರಂತೆ ಎರಡು ಚೆಂಡುಗಳ ಬಳಕೆ 34 ಓವರ್‌ವರೆಗೆ ಮಾತ್ರ. ಬಳಿಕ ಎರಡರಲ್ಲಿ ಒಂದನ್ನು ಫೀಲ್ಡಿಂಗ್ ತಂಡವೇ ಆರಿಸಿಕೊಳ್ಳುತ್ತದೆ. 50ನೇ ಓವರ್ ಹೊತ್ತಿಗೆ ಆ ಚೆಂಡು 33 ಓವರ್ ಸವೆದು ಮೆತ್ತಗಾಗಿರುತ್ತದೆ. ದೊಡ್ಡ ಹೊಡೆತ ಸುಲಭವಲ್ಲ. ಲೆಗ್‌ಸ್ಪಿನ್ನರ್ ರಶೀದ್ ಖಾನ್‌ರ ನಾಲ್ಕೈದು ಓವರ್‌ಗಳನ್ನು ಆ ಹಂತಕ್ಕೆ ಉಳಿಸಿಕೊಳ್ಳುವುದು ಜಾಣತನ. ಟೂರ್ನಿಗೆ ಅರ್ಹತೆ ಪಡೆದರೆ ಗುಂಪು ಹಂತದ ನಂತರದ ಸುತ್ತಾದ ಸೂಪರ್ ಸಿಕ್ಸ್ ಖಂಡಿತ ಕೈಗೆಟುಕುತ್ತದೆ. ಅದರಾಚೆಗೆ ಹೋಗಲು ನಾಲ್ಕು, ಐದನೇ ಕ್ರಮಾಂಕಕ್ಕೆ ಶಾರ್ಟ್ ಬಾಲ್ (ಮೊಟಕಾಗಿ ಬಿದ್ದು ಮೇಲೇಳುವ ಎಸೆತ) ಆಡಬಲ್ಲ ಇಬ್ಬರು ಬೇಕು.

– ಓದುಗ, ದಾವಣಗೆರೆ