ಭಾನುವಾರದ ಮಾತುಕತೆ: ಪಂಕ್ ಸಂಗೀತದ ಚಿತ್ರಕಾರರು

ಬಳಗದ ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 7.30ಕ್ಕೆ (ಭಾರತೀಯ ಕಾಲಮಾನ) ನಡೆಯುವ ನಮ್ಮ ತಿಂಗಳ ವಿಡಿಯೊ ಮಾತುಕತೆಯಲ್ಲಿ, 1970ರ ದಶಕದಲ್ಲಿ ಅಮೆರಿಕದ ಪಂಕ್ ಸಂಗೀತದ (ವೇಗದ, ಒರಟು ದನಿಯ ರಾಕ್ ಸಂಗೀತ) ಜೊತೆಜೊತೆಗೇ ಬೆಳೆದ ಮೂವರು ಚಿತ್ರಕಾರರನ್ನು ಕುರಿತು ಚರ್ಚಿಸಲಿದ್ದೇವೆ.

ಮೊದಲನೆಯವರು ಜಾನ್ ಹೋಮ್‌ಸ್ಟ್ರಾಮ್. 1976ರಲ್ಲಿ ನ್ಯೂಯಾರ್ಕ್‌ನಲ್ಲಿ ಗೆಳೆಯರೊಡನೆ ‘ಪಂಕ್’ ಪತ್ರಿಕೆಯನ್ನು ಆರಂಭಿಸಿದ ಅವರು ಮೊದಲ ಸಂಚಿಕೆಯ ಮುಖಪುಟಕ್ಕೆ ಗಾಯಕ ಲೂ ರೀಡ್ ಅವರ ವ್ಯಂಗ್ಯಚಿತ್ರ ಬರೆದರು. ಅಚ್ಚಿನ ಮೊಳೆಗಳ ಬದಲು ಕೈಬರಹವನ್ನೇ ಧಾರಾಳವಾಗಿ ಬಳಸಿ, ಸಂದರ್ಶನಗಳನ್ನೂ ಕಾಮಿಕ್ಸ್‌ನಂತೆ ರೂಪಿಸಿದ್ದು ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಸಾಧನೆ. ಎರಡನೆಯವರು ಲಾಸ್ ಏಂಜಲೀಸ್‌ನ ‘ಸ್ಲ್ಯಾಶ್’ ಪತ್ರಿಕೆಯಲ್ಲಿ ಜಿಂಬೊ ಎಂಬ ಪಾತ್ರವನ್ನು ಚಿತ್ರಿಸಿದ ಗ್ಯಾರಿ ಪ್ಯಾಂಟರ್. ಮೂರನೆಯವರು ‘ಬ್ಲ್ಯಾಕ್ ಫ್ಲ್ಯಾಗ್’ ಎಂಬ ಪಂಕ್ ಸಂಗೀತ ತಂಡಕ್ಕೆ ನಾಲ್ಕು ಕಪ್ಪು ಪಟ್ಟಿಗಳ ಲಾಂಛನ ರಚಿಸಿದ ರೇಮಂಡ್ ಪೆಟ್ಟಿಬಾನ್. ಅವರ ಬಗ್ಗೆ ಮಾತಾಡುವವರು ಲಾಂಛನಕ್ಕಷ್ಟೇ ನಿಲ್ಲದೆ, ಸಂಗೀತ ಕಛೇರಿಗಳ ಪ್ರಚಾರಕ್ಕಾಗಿ ಅವರು ಚಿತ್ರಿಸಿದ ಕರಪತ್ರಗಳನ್ನೂ ನೋಡಿ ಬರಬೇಕಾಗಿ ಕೋರುತ್ತೇನೆ.

ಮಾತನಾಡಲು ಇಚ್ಛಿಸುವವರು ಮೂವರಲ್ಲಿ ಒಬ್ಬರನ್ನು ಆರಿಸಿಕೊಂಡು, ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕು. ಪ್ರತಿಯೊಬ್ಬರಿಗೂ ಎಂಟು ನಿಮಿಷವಿದ್ದು, ಎರಡಕ್ಕಿಂತ ಹೆಚ್ಚು ಚಿತ್ರಗಳನ್ನು ತೋರಿಸುವುದು ಬೇಡ. ಕಳೆದ ಸಲ ಇಡೀ ಪುಸ್ತಕವೊಂದು ಸ್ಕ್ಯಾನ್ ಆಗಿ ಗುಂಪಿಗೆ ಬಂದಿತ್ತು, ದಯವಿಟ್ಟು ಹಾಗಾಗದಿರಲಿ. ಕೆಲವು ಚಿತ್ರಗಳಲ್ಲಿ ಹಿಂಸೆಯ ದೃಶ್ಯಗಳಿರುವುದರಿಂದ, ಮಕ್ಕಳೊಂದಿಗೆ ಕುಳಿತು ನೋಡುವವರು ಇದನ್ನು ಗಮನದಲ್ಲಿಡಬೇಕು.

ಕೇವಲ ಕೇಳಲು ಬರುವವರೂ ‘ಬರುತ್ತೇನೆ’ ಎಂದು ಒಂದು ಸಾಲು ಬರೆದರೆ ಸಾಕು; ಕೊಂಡಿಯನ್ನು ಶನಿವಾರ ಕಳುಹಿಸಲಾಗುವುದು.