ಏಣಿಗೊಂದು ಪತ್ರ

ಪ್ರೀತಿಯ ಏಣಿ,

ನೀನು ಕಳಿಸಿದ ಪುಟ್ಟ ಕಾದಂಬರಿಯನ್ನು ನಿನ್ನೆ ರಾತ್ರಿ ಓದಿ ಮುಗಿಸಿದೆ. ಫೋನಿನಲ್ಲಿ ಹೇಳಿದರೆ ನೀನು ಮಾತು ಬದಲಿಸುತ್ತೀಯ. ಅದಕ್ಕೇ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ. ಏಣಿ ಯಾರು ಅಂತ ಓದುವವರಿಗೆ ಗೊತ್ತಾಗುವುದು ಬೇಡ.

ಕಥೆ ತುಂಬಾ ಹಿಡಿಸಿತು ಕಣೋ. ಹತ್ತು ವರ್ಷದ ಗೆಳೆತನ, ಕ್ರಿಸ್‌ಮಸ್ ರಜೆ, ಬೆಟ್ಟದ ಮೇಲೊಂದು ಮನೆ. ಹಿಮ ಬಿದ್ದು ದಾರಿ ಮುಚ್ಚುತ್ತದೆ. ಇರುವುದು ಒಂದೇ ಕೋಣೆ. ಇಷ್ಟು ಚಿಕ್ಕ ಪುಸ್ತಕ ಇಷ್ಟು ತುಂಬಿಕೊಂಡಿರುವುದು ಯಾಕೆ ಗೊತ್ತಾ? ಇಬ್ಬರ ಪರಿಚಯ ಮಾಡಿಸಲು ಪುಟ ಖರ್ಚಾಗುವುದಿಲ್ಲ. ಅವಳ ಕಾಫಿಗೆ ಎಷ್ಟು ಸಕ್ಕರೆ ಅಂತ ಅವನಿಗೆ ಮೊದಲೇ ಗೊತ್ತು. ಉಳಿದಿರುವುದು ಒಂದೇ ಭಯ, ಹೇಳಿಬಿಟ್ಟರೆ ಇರುವ ಗೆಳೆತನವೂ ಹೋದರೆ? ಅದರ ಮೇಲೆ ರಜೆಗೆ ಕೊನೆಯ ದಿನ ಅಂತ ಬೇರೆ ಇದೆ. ಅವಳು ತಟ್ಟೆ ತೊಳೆಯುತ್ತಾ, ಹಿಂದೆ ತಿರುಗದೆ ನಿಂತುಬಿಡುವ ಕಡೆ ನಾನೂ ಪುಸ್ತಕ ಮುಚ್ಚಿ ಸುಮ್ನೆ ಕೂತೆ.

ಒಂದು ಮಾತ್ರ ಒಪ್ಪಲು ಆಗಲಿಲ್ಲ. ರಜೆಗೆ ಹೋದದ್ದರಿಂದಲೇ ಅವರಿಗೆ ಪ್ರೀತಿ ಗೊತ್ತಾಯಿತಂತೆ. ಹಾಗಿದ್ದರೆ ನನಗೆ ತಡಿಯಂಡಮೋಳ್‌ನಲ್ಲೇ ಗೊತ್ತಾಗಬೇಕಿತ್ತು, ಅಲ್ವಾ? ನಾಲ್ಕುನಾಡು ಅರಮನೆಯ ಹತ್ತಿರದಿಂದ ನಡೆದು, 1,748 ಮೀಟರ್ ಎತ್ತರದ ತುದಿಗೆ ಹೋಗಿ ಕೂತಿದ್ದೆವು. ಕಾಲ ಕೆಳಗೆ ಮೋಡ. ಕೊಡಗಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಆರನೇ ಕಿತ್ತಳೆ ನೆನಪಿದೆಯಲ್ಲ? ಅಷ್ಟೇ. ಅವತ್ತು ಬೇರೇನೂ ಆಗಲಿಲ್ಲ.

ಆಗಿದ್ದು 2018ರ ಆಗಸ್ಟಿನಲ್ಲಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದ್ದವು. ಮಡಿಕೇರಿ–ಮಂಗಳೂರು ರಸ್ತೆ ಕಡಿದುಹೋಗಿತ್ತು. ನಮ್ಮ ಮನೆಯಲ್ಲಿ ಕರೆಂಟಿಲ್ಲ, ಫೋನಿಲ್ಲ. ಪುಸ್ತಕದಲ್ಲಿ ದಾರಿ ಮುಚ್ಚಿದರೆ ಬೆಂಕಿ ಹಾಕಿಕೊಂಡು ಹತ್ತಿರ ಕೂರುತ್ತಾರೆ. ಇಲ್ಲಿ ರಾತ್ರಿಯಿಡೀ ಗುಡ್ಡದ ಸದ್ದು ಕೇಳುತ್ತಾ ಎದ್ದಿದ್ದೆವು. ಅಂಥದ್ದರಲ್ಲಿ ನೀನು ಬೆಂಗಳೂರಿನಿಂದ ಸಿಕ್ಕ ಸಿಕ್ಕ ಗಾಡಿ ಹತ್ತಿ, ಕೊನೆಗೆ ನಡೆದು, ಅಂಗಳದಲ್ಲಿ ಬಂದು ನಿಂತೆ. ಚೀಲದಲ್ಲಿ ಅಕ್ಕಿ, ಟಾರ್ಚಿನ ಸೆಲ್ಲು, ಅಮ್ಮನ ಬಿಪಿ ಮಾತ್ರೆ. ಮಾತ್ರೆಯ ಹೆಸರು ನಾನು ನಿನಗೆ ಯಾವತ್ತೂ ಹೇಳಿರಲಿಲ್ಲ. ಒಲೆಯ ಮುಂದೆ ಕಾಲು ಕಾಯಿಸುತ್ತಾ ಕೂತ ನಿನಗೆ ರೊಟ್ಟಿ ತರಲು ಒಳಗೆ ಹೋದವಳು ತುಂಬಾ ಹೊತ್ತು ಹೊರಗೆ ಬರಲಿಲ್ಲ. ರೊಟ್ಟಿ ಆಗಿರಲಿಲ್ಲ ಅಂದೆ. ರೊಟ್ಟಿ ಆಗಿತ್ತು ಕಣೋ.

ಈಗ ನಮ್ಮದು ಹೋಮ್‌ಸ್ಟೇ. ಶುಕ್ರವಾರ ಜೋಡಿಗಳು ಬರುತ್ತಾರೆ, ಮಂಜು ನೋಡಿ ಕೈ ಹಿಡಿದುಕೊಳ್ಳುತ್ತಾರೆ, ಭಾನುವಾರ ಮಧ್ಯಾಹ್ನ ಹೊರಡುತ್ತಾರೆ. ಸೋಮವಾರ ನಾನು ಹೊದಿಕೆ ಒಗೆಯುತ್ತೇನೆ. ಅವರಿಗೆ ರಜೆಯಾದದ್ದು ನನಗೆ ಊರು. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ನೀನೂ ಬರುತ್ತೀಯ. ಕದಿರು ತೆಗೆಯುವಾಗ ಎಲ್ಲರಿಗಿಂತ ಜೋರಾಗಿ ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತೀಯ, ತಂಬುಟ್ಟು ತಿನ್ನುತ್ತೀಯ, ನಾಲ್ಕನೇ ದಿನ ಬಸ್ಸು ಹತ್ತುತ್ತೀಯ. ನಾನೂ ನಿನ್ನ ರಜೆಯ ಒಂದು ಭಾಗ ಆಗಿಬಿಟ್ಟೆನಾ? ನಿನ್ನೆ ಕೊನೆಯ ಪುಟ ತಿರುಗಿಸಿದ ಮೇಲೆ ಇದೊಂದೇ ಪ್ರಶ್ನೆ. ಕಥೆ ಅವರಿಬ್ಬರೂ ರೈಲು ಹತ್ತುವಲ್ಲಿಗೆ ನಿಂತಿತು. ನನಗೆ ಅದರ ಮರುದಿನ ಬೇಕಿತ್ತು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ, ಅಳಿಸುವುದಿಲ್ಲ.

ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿದೆ. ಅಪ್ಪ ನಿನ್ನನ್ನು ಕೇಳಿದರು. ಅಮ್ಮ ಅಡುಗೆಗೆ ಹಾಕುವ ಹುಳಿ, ಕಾಚಂಪುಳಿ, ಒಂದು ಬಾಟಲಿ ನಿನ್ನ ಹೆಸರಲ್ಲಿ ಎತ್ತಿಟ್ಟಿದ್ದಾರೆ. ಹುತ್ತರಿಗೆ ಹೇಗೂ ಬರುತ್ತೀಯ. ಆಮೇಲೆ ಫೆಬ್ರವರಿಯಲ್ಲಿ, ಕಣದ ತುಂಬಾ ರೊಬಸ್ಟಾ ಹರಡಿರುವಾಗ, ಹಬ್ಬವೂ ಇಲ್ಲದ ಒಂದು ಮಂಗಳವಾರ ಬಾ. ಹಳೆಯ ಚಪ್ಪಲಿ ಹಾಕಿಕೊಂಡು ಬಾ, ಮೂಟೆ ಹೊರುವುದಿದೆ.

ನಿನ್ನ,
ಮಂಡೂಕ